ಪತ್ರಿಕೆ ಕೈ ಬದಲಾಯಿತು, ಸಂಚಿಕೆ ತಪ್ಪಲಿಲ್ಲ: ನೆರವಾದವರಿಗೆ ವಂದನೆ

ತುಮಕೂರಿನ ನಮ್ಮ ದಿನಪತ್ರಿಕೆಯ ಮಾಲೀಕತ್ವ ವರ್ಗಾವಣೆ ಮುಗಿದಿದೆ. ಒಬ್ಬರ ಹೆಸರಿನಲ್ಲಿ ಶುರುವಾಗಿ, ಪಾಲುದಾರಿಕೆಗೆ ಬಂದಿದ್ದ ಪತ್ರಿಕೆ ಈಗ ಖಾಸಗಿ ಕಂಪನಿಯದಾಗಿದೆ. ಈ ನಡುವೆ ಒಂದು ಸಂಚಿಕೆಯೂ ನಿಲ್ಲಲಿಲ್ಲ. ಯಾರು ಏನು ಮಾಡಿದರೆಂದು ಬಿಡಿಸಿ ಹೇಳದೆ ‘ಎಲ್ಲರಿಗೂ ಧನ್ಯವಾದ’ ಎಂದುಬಿಟ್ಟರೆ ಯಾರಿಗೂ ಹೇಳಿದಂತಾಗದು. ಅದಕ್ಕೇ ಈ ಬರಹ.

ಮೊದಲ ವಂದನೆ ತೀರಿಕೊಂಡ ಪಾಲುದಾರರ ಮನೆಯವರಿಗೆ. ಪತ್ರಿಕೆಯ ಮುಖ್ಯ ಆಸ್ತಿ ಅದರ ಶೀರ್ಷಿಕೆ, ಅಂದರೆ ನೋಂದಾಯಿತ ಹೆಸರು. ಯಂತ್ರ, ಕಟ್ಟಡ ಆಮೇಲಿನ ಮಾತು. 2006ರಲ್ಲಿ ವಿಜಯ ಕರ್ನಾಟಕ ಟೈಮ್ಸ್ ಬಳಗಕ್ಕೆ ಹೋದಾಗ ಅದನ್ನು ಹೊರತರುತ್ತಿದ್ದ ಕಂಪನಿಯೇ ಕೈ ಬದಲಾಯಿಸಿತ್ತು. ಜಿಲ್ಲಾ ಪತ್ರಿಕೆಗಳಿಗೆ ಆ ಅನುಕೂಲ ಕಡಿಮೆ, ದಾಖಲೆಯಲ್ಲಿ ನೇರವಾಗಿ ವ್ಯಕ್ತಿಗಳ ಹೆಸರೇ ಇರುತ್ತದೆ. 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ, ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದರೆ ಒಬ್ಬ ಪಾಲುದಾರರು ತೀರಿಕೊಂಡ ಕೂಡಲೇ ಸಂಸ್ಥೆ ವಿಸರ್ಜನೆಯಾದಂತೆ. ನಮ್ಮ ಕರಾರಿನಲ್ಲಿ ಆ ಷರತ್ತು ಇರಲಿಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷ, ಇ-ಸ್ಟಾಂಪ್ ಕಾಗದದ ಮೇಲೆ ನೋಟರಿ ಮಾಡಿಸಿದ ಒಪ್ಪಿಗೆ ಪತ್ರ, ಎಲ್ಲವೂ ಬೇಕಾದವು. ಮದುವೆಯಾಗಿ ಬೇರೆ ಊರಿನಲ್ಲಿರುವ ಹೆಣ್ಣುಮಕ್ಕಳ ಸಹಿ ಯಾಕೆ ಎಂದು ಬಿಟ್ಟುಬಿಡುವಲ್ಲೇ ಇಂಥ ಕೆಲಸ ಕೆಡುವುದು. ಆ ಮನೆಯ ಹಿರಿಯ ಮಗಳು ಮುಂದೆ ನಿಂತು ಒಬ್ಬರನ್ನೂ ಬಿಡದಂತೆ ಸಹಿ ಹಾಕಿಸಿಕೊಟ್ಟರು.

ಎರಡನೆಯದು, ಜಿಲ್ಲಾಧಿಕಾರಿ ಕಚೇರಿಯ ದಾಖಲೆ ಕೊಠಡಿಯ ಸಿಬ್ಬಂದಿಗೆ. 1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯ್ದೆ ಇದ್ದಷ್ಟು ಕಾಲ ಮುದ್ರಕರು, ಪ್ರಕಾಶಕರು ಮ್ಯಾಜಿಸ್ಟ್ರೇಟರ ಮುಂದೆ ಘೋಷಣೆ ಸಲ್ಲಿಸಬೇಕಿತ್ತು. ಮಾಲೀಕರು ಬದಲಾದರೆ ಹೊಸ ಘೋಷಣೆ ಆಗಬೇಕಿತ್ತು. ಹೊರಹೋಗುವ ಪ್ರಕಾಶಕರು ‘ಇನ್ನು ನಾನಲ್ಲ’ ಎಂದು ಬೇರೆಯೇ ಘೋಷಣೆ ಕೊಡಬೇಕಿತ್ತು. ಇದನ್ನು ಮರೆತವರ ಮನೆ ಬಾಗಿಲಿಗೆ ಪತ್ರಿಕೆ ಬಿಟ್ಟು ಎಷ್ಟೋ ವರ್ಷದ ಮೇಲೂ ಮಾನನಷ್ಟ ಮೊಕದ್ದಮೆಯ ಸಮನ್ಸ್ ಬರಬಹುದು. 2024ರ ಮಾರ್ಚ್ 1ರಿಂದ 2023ರ ಹೊಸ ಕಾಯ್ದೆ ಜಾರಿಯಾಗಿ, ಅರ್ಜಿಗಳೆಲ್ಲ ಪ್ರೆಸ್ ಸೇವಾ ಪೋರ್ಟಲ್ ಎಂಬ ಸರ್ಕಾರಿ ಜಾಲತಾಣಕ್ಕೆ ಹೋಗಿವೆ. ಪೋರ್ಟಲ್ ಹೊಸದಾದರೂ ಮಾಲೀಕತ್ವ ಒಬ್ಬರಿಂದ ಒಬ್ಬರಿಗೆ ಬಂದ ಹಕ್ಕಿನ ಸರಪಳಿ ಹಳೆಯದು, ಅದರ ಕೊಂಡಿಗಳು ಇದ್ದದ್ದು ಆ ಕೊಠಡಿಯ ಕಟ್ಟುಗಳಲ್ಲಿ. ದೂಳು ಕೊಡವಿ ಹುಡುಕಿ, ದೃಢೀಕೃತ ನಕಲು ಕೊಟ್ಟವರು ಅವರು.

ಒಂದು ಕೊಂಡಿ ಮಾತ್ರ ಅಲ್ಲೂ ಸಿಗಲಿಲ್ಲ. ಅದನ್ನು ತುಂಬಿಕೊಟ್ಟವರು ಓದುಗರು. ಪ್ರತಿ ವರ್ಷ ಫೆಬ್ರವರಿ ಮುಗಿದ ಮೇಲಿನ ಮೊದಲ ಸಂಚಿಕೆಯಲ್ಲಿ ನಮೂನೆ 4 ಪ್ರಕಟಿಸಬೇಕೆಂಬುದು 1956ರ ನಿಯಮವಾಗಿತ್ತು. ಪ್ರಕಟಣೆಯ ಸ್ಥಳ, ಅವಧಿ, ಮುದ್ರಕರು, ಪ್ರಕಾಶಕರು, ಸಂಪಾದಕರು, ಮಾಲೀಕರು, ಬಂಡವಾಳದಲ್ಲಿ ಶೇ 1ಕ್ಕಿಂತ ಹೆಚ್ಚು ಪಾಲಿರುವವರು, ಇಷ್ಟೂ ಅದರಲ್ಲಿರುತ್ತಿತ್ತು. ಯಾರೂ ಓದದ ಮೂಲೆ ಅದು. ಆದರೆ ವರ್ಷವಾರು ಜೋಡಿಸಿಟ್ಟರೆ ಮಾಲೀಕತ್ವದ ಚರಿತ್ರೆಯೇ ಸಿಗುತ್ತದೆ. ಚಿಕ್ಕಪೇಟೆ, ಗುಬ್ಬಿ, ತಿಪಟೂರಿನ ಮನೆಗಳಿಂದ ಮಾರ್ಚ್ ತಿಂಗಳ ಹಳೆಯ ಸಂಚಿಕೆಗಳು ಬಂದವು. ಕೊಬ್ಬರಿ ದರ ಗುರುತು ಹಾಕಿಕೊಳ್ಳಲು ಇಟ್ಟ ಪ್ರತಿಗಳು ಕೆಲವು, ಶ್ರದ್ಧಾಂಜಲಿ ಜಾಹೀರಾತಿಗಾಗಿ ಉಳಿಸಿಕೊಂಡವು ಹಲವು. ನ್ಯೂಸ್‌ಪ್ರಿಂಟ್ ಮರದ ತಿರುಳಿನ ಕಾಗದ. ಬೆಳಕು ತಾಗಿದರೆ ಹಳದಿಯಾಗಿ ಮಡಿಕೆಯಲ್ಲೇ ಮುರಿಯುತ್ತದೆ. ಸೆಲ್ಲೋಟೇಪ್ ಹಚ್ಚಿದ ಕಡೆ ಅಂಟು ಇಳಿದು ಅಕ್ಷರವನ್ನೇ ನುಂಗಿತ್ತು. ಬೈಂಡ್ ಮಾಡಿದ ಸಂಪುಟಗಳನ್ನು ಸ್ಕ್ಯಾನರ್ ಮೇಲೆ ಒತ್ತಿದರೆ ಬೆನ್ನು ಬಿಡುತ್ತದೆಂದು ಮೇಲಿನಿಂದ ಫೋಟೊ ತೆಗೆದುಕೊಟ್ಟ ಗ್ರಂಥಾಲಯದ ಹಿರಿಯರಿಗೆ ವಿಶೇಷ ನಮಸ್ಕಾರ.

ಲೆಕ್ಕ ಪರಿಶೋಧಕರು ಕಾಗದದ ಅಕ್ಷರಅಕ್ಷರವನ್ನೂ ತಾಳೆ ನೋಡಿದರು. 2014ರ ನವೆಂಬರ್ 1ರಂದು ಜಿಲ್ಲೆಯ ಹೆಸರಿನ ಇಂಗ್ಲಿಷ್ ಕಾಗುಣಿತ ಬದಲಾಯಿತಲ್ಲ, ಹಳೆಯ ಪ್ರಮಾಣಪತ್ರದಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು. ಜತೆಗೆ ಒಂದು ಕಡೆ ಬರೀ ಇನಿಷಿಯಲ್, ಇನ್ನೊಂದು ಕಡೆ ತಂದೆಯ ಪೂರ್ತಿ ಹೆಸರು. ಅರ್ಜಿ ಹಾಕುವ ಮೊದಲೇ ‘ಇಬ್ಬರೂ ಒಬ್ಬರೇ’ ಎಂಬ ಅಫಿಡವಿಟ್ ಸಿದ್ಧಪಡಿಸಿಕೊಂಡಿದ್ದರಿಂದ ಒಂದು ಸುತ್ತು ಓಡಾಟ ಉಳಿಯಿತು. ಹಳೆಯ ಸಂಸ್ಥೆಯ ಪಾನ್, ಜಿಎಸ್‌ಟಿ ಸಂಖ್ಯೆಗಳಲ್ಲಿ ಕೊಟ್ಟ ಜಾಹೀರಾತು ಬಿಲ್ಲುಗಳನ್ನು ಹೊಸ ಖಾತೆಗೆ ಬೆರೆಸದೆ, ಹಳೆಯ ಖಾತೆಯಲ್ಲೇ ವಸೂಲಾಗಲಿ ಎಂದು ಬೇರೆ ಇಟ್ಟವರೂ ಅವರೇ. ಬೆರೆತಿದ್ದರೆ ಜಾಹೀರಾತಿನ ಶೇ 5ರ ತೆರಿಗೆ ಯಾರ ತಲೆಗೆ ಎಂಬ ಜಗಳ ಇನ್ನೂ ನಡೆಯುತ್ತಿತ್ತು.

ಪುಟ ಕಟ್ಟುವವರು ಮಾಡಿದ್ದು ಕಣ್ಣಿಗೆ ಬೀಳದ ಕೆಲಸ. ಕೊನೆಯ ಪುಟದ ಅಡಿಯಲ್ಲಿ ‘ಮಾಲೀಕರ ಪರವಾಗಿ ಮುದ್ರಿಸಿ ಪ್ರಕಟಿಸಿದವರು’ ಎಂಬ ಸಾಲು ಇರುತ್ತದಲ್ಲ, ವರ್ಗಾವಣೆಯ ರಾತ್ರಿ ಬದಲಾಗಬೇಕಾದದ್ದು ಅದು. ಟೆಂಪ್ಲೇಟಿನಲ್ಲಿ ಕೂತಿರುವ ಸಾಲು, ಒಂದು ಕಡೆ ತಿದ್ದಿದರೆ ಪುರವಣಿಯಲ್ಲಿ ಹಳೆಯದೇ ಉಳಿಯುತ್ತದೆ. ಇ-ಪೇಪರ್‌ನಲ್ಲೂ ಅಷ್ಟೇ. 6 ಪಾಯಿಂಟ್ ಅಕ್ಷರಗಾತ್ರದಲ್ಲಿದ್ದ ಸಾಲನ್ನು ಇದೇ ನೆಪದಲ್ಲಿ 8ಕ್ಕೆ ಏರಿಸಿದರು. ಕನ್ನಡದ ಒತ್ತಕ್ಷರ ಅಷ್ಟು ಸಣ್ಣದಾದರೆ ನ್ಯೂಸ್‌ಪ್ರಿಂಟ್ ಮೇಲೆ ಮಸಿ ಹರಡಿ ಕಟ್ಟಿಕೊಳ್ಳುತ್ತದೆ, ಹೆಸರು ಓದಲಾಗದು. ಕಾನೂನಿಗೆ ಬೇಕಾದ ಸಾಲನ್ನೇ ಓದಲಾಗದಂತೆ ಅಚ್ಚು ಹಾಕುವುದರಲ್ಲಿ ಅರ್ಥವಿಲ್ಲ.

ಹತ್ತೂ ತಾಲ್ಲೂಕಿನ ಏಜೆಂಟ್ ಮಿತ್ರರ ಋಣ ದೊಡ್ಡದು. ಪತ್ರಿಕೆ ಮಾರಾಟವಾಗುತ್ತಿದೆ ಎಂಬ ಸುದ್ದಿ ಹಬ್ಬಿದರೆ ಏಜೆಂಟರಿಗೆ ಮೊದಲು ಬರುವ ಚಿಂತೆ ಠೇವಣಿಯದು. ಎಲ್ಲರೂ ಒಟ್ಟಿಗೆ ವಾಪಸ್ ಕೇಳಿದ್ದರೆ ಕಾಗದ ಕೊಳ್ಳಲು ಹಣ ಇರುತ್ತಿರಲಿಲ್ಲ. ಠೇವಣಿ ಎಷ್ಟು, ಬಾಕಿ ಎಷ್ಟು, ವಾಪಸ್ ಪ್ರತಿಗಳ ಲೆಕ್ಕ ಎಷ್ಟು ಎಂದು ಬರೆದ ಪಟ್ಟಿಗೆ ಸಹಿ ಹಾಕಿ, ಅದು ಹೊಸ ಕಂಪನಿಯ ಹೊಣೆಯಾಗಿ ಕರಾರಿನಲ್ಲಿ ಸೇರುವವರೆಗೆ ತಾಳ್ಮೆಯಿಂದ ಕಾದರು. ಬಂಡಲ್ ಚೀಟಿಯ ಮೇಲಿನ ಏಜೆಂಟ್ ಸಂಖ್ಯೆಗಳನ್ನು ಬದಲಿಸಬೇಡಿ ಎಂದು ಹಟ ಹಿಡಿದದ್ದೂ ಅವರೇ. ಅದು ಸರಿಯೇ ಆಯಿತು. ಪಾವಗಡದ ಬಂಡಲ್ ಎಲ್ಲಕ್ಕಿಂತ ಮೊದಲು ಹೊರಡಬೇಕು, ಶಿರಾದ್ದು ತಪ್ಪಿ ಮಧುಗಿರಿ ಗಾಡಿ ಹತ್ತಿದರೆ ಆ ದಿನದ ಪತ್ರಿಕೆ ಹೋದಂತೆಯೇ.

ಸಾಲಕ್ಕೆ ನ್ಯೂಸ್‌ಪ್ರಿಂಟ್ ರೀಲು ಕೊಟ್ಟ ವ್ಯಾಪಾರಿಗಳಿಗೆ, ನಸುಕಿನಲ್ಲಿ ಟೌನ್‌ಹಾಲ್ ವೃತ್ತದ ಬಳಿ ಪುರವಣಿ ಸೇರಿಸಿ ಮನೆಮನೆಗೆ ಹಾಕಿದ ಹುಡುಗರಿಗೆ, ಶುಭ ಹಾರೈಸಿದ ಇತರ ಪತ್ರಿಕೆಗಳವರಿಗೆ ವಂದನೆಗಳು.

ಹಳೆಯ ಸಂಚಿಕೆ ಕೊಟ್ಟವರು ಕಚೇರಿಗೆ ಬಂದು ತಮ್ಮ ಪ್ರತಿಗಳನ್ನು ವಾಪಸ್ ಪಡೆಯಬಹುದು. ಮಡಚದೆ, ಬಿಳಿ ಹಾಳೆಗಳ ನಡುವೆ ಇಟ್ಟು ಹೆಸರು ಬರೆದಿದ್ದೇವೆ. ಠೇವಣಿ ಪಟ್ಟಿಯ ನಕಲು ತಲುಪದ ಏಜೆಂಟರು ಪ್ರಸರಣ ವಿಭಾಗದಲ್ಲಿ ಕೇಳಿ ಪಡೆಯಿರಿ.