ಮಗಳಿಗೊಂದು ಪತ್ರ: ಗುಳೆಯ ಚಿತ್ರಗಳನ್ನು ಗೋಡೆಗೆ ಹಾಕುವ ಮುಂಚೆ

ಕಲಬುರಗಿ

ಅವ್ವಾ,

ನಿನ್ನ ಪ್ರದರ್ಶನಕ್ಕೆಂದು ನೀನು ಕಳಿಸಿದ 40 ಫೋಟೊಗಳಲ್ಲಿ ಅಳುವ ಮುಖಗಳೇ 11. ಒಂದು ಇಟ್ಟುಕೋ, ಉಳಿದದ್ದು ತೆಗೆ. ಆ ಬೀಗದ ಚಿತ್ರ ಇದೆಯಲ್ಲ, ತಾಂಡಾದ ಮನೆಯದು, ಮಳೆಗೆ ತುಕ್ಕು ಹಿಡಿಯದಿರಲೆಂದು ಹಾಲಿನ ಪಾಕೀಟು ಸುತ್ತಿ ಸುತಳಿ ಬಿಗಿದದ್ದು, ಅದನ್ನು ಬಾಗಿಲೆದುರಿನ ಗೋಡೆಗೆ ಒಂದೇ ಹಾಕು. ಎಷ್ಟು ತಿಂಗಳ ಗುಳೆ ಅನ್ನುವುದನ್ನು ಆ ಪಾಕೀಟೇ ಹೇಳುತ್ತದೆ.

ಆದರೆ ಆ ಫೈಲು ವಾಟ್ಸಾಪ್‌ನಲ್ಲಿ ಬಂದದ್ದು, ಉದ್ದ 1600 ಪಿಕ್ಸೆಲ್. ಇಂಚಿಗೆ 150ರ ಲೆಕ್ಕ ಹಿಡಿದರೂ ಹನ್ನೊಂದು ಇಂಚು ಮುಟ್ಟುವುದಿಲ್ಲ. 30 ಇಂಚಿಗೆ ಎಳೆದರೆ ಸುತಳಿ ಉಣ್ಣೆಯ ಹಾಗೆ ಕಾಣುತ್ತದೆ. ಕ್ಯಾಮೆರಾದ ಮೂಲ ಫೈಲೇ ತೆಗೆದುಕೋ. 6000 ಪಿಕ್ಸೆಲ್ ಇದ್ದರೆ ಇಂಚಿಗೆ 200 ಸಿಗುತ್ತದೆ, ಸಾಕು. ಕಪ್ಪು ಹೆಚ್ಚಿರುವ ಚಿತ್ರಕ್ಕೆ ಗಾಜು ಹಾಕಬೇಡ, ನೋಡುವವರಿಗೆ ಅದರಲ್ಲಿ ತಮ್ಮ ಮುಖ, ಎದುರಿನ ಟ್ಯೂಬ್‌ಲೈಟು, ಇವೇ ಕಾಣುತ್ತವೆ. 5 ಎಂಎಂ ಸನ್‌ಬೋರ್ಡಿಗೆ, ಅಂದರೆ ಹಗುರ ಫೋಮ್ ಹಲಗೆಗೆ, ಅಂಟಿಸಿದರಾಯಿತು. ಅದನ್ನು ನಮ್ಮ ಏಪ್ರಿಲ್ ಬಿಸಿಲಲ್ಲಿ ಮುಚ್ಚಿದ ಗಾಡಿಯೊಳಗೆ ಬಿಟ್ಟರೆ ಬಿಲ್ಲಿನಂತೆ ಬಾಗಿ ಗುಳ್ಳೆ ಏಳುತ್ತದೆ. ಬೆಳಿಗ್ಗೆ ಏಳರೊಳಗೆ ಮಲಗಿಸಿ ಸಾಗಿಸು.

ಚಿತ್ರದ ನಡುಭಾಗ ನೆಲದಿಂದ 57 ಇಂಚಿಗೆ ಬರಲಿ. ಫ್ರೇಮಿನ ಎತ್ತರ 24 ಇಂಚು, ತಂತಿ ಬಿಗಿದಾಗ ಮೇಲಂಚಿನಿಂದ 3 ಇಂಚು ಕೆಳಗಿದ್ದರೆ, ಮೊಳೆ 57ಕ್ಕೆ 12 ಕೂಡಿಸಿ 3 ಕಳೆದಲ್ಲಿ, ಅಂದರೆ 66 ಇಂಚಿಗೆ. ಮೇಲಂಚು ಹಿಡಿದು ಅಳೆಯುವವರೇ ಹೆಚ್ಚು. ಹಾಗೆ ಮಾಡಿದರೆ ಬೇರೆ ಬೇರೆ ಅಳತೆಯ ಚಿತ್ರಗಳು ಒಂದು ಮೇಲೆ, ಒಂದು ಕೆಳಗೆ ಆಗುತ್ತವೆ.

ಈಗ ಜಾಬ್ ಕಾರ್ಡಿನ ದಗದ. 2005ರ ಉದ್ಯೋಗ ಖಾತ್ರಿ ಕಾಯ್ದೆ ಒಂದು ಕುಟುಂಬಕ್ಕೆ ವರ್ಷಕ್ಕೆ 100 ದಿನ ಕೆಲಸ ಎಂದು ಬರೆದಿತ್ತು. ಒಂದೇ ಮನೆಯ ಒಂದು ವರ್ಷದ ಲೆಕ್ಕ ಹಿಡಿದು 100 ಹಾಳೆ ತೂಗುಹಾಕು: ಕೆಲಸ ಸಿಕ್ಕ ದಿನಗಳಷ್ಟು ಹಾಳೆಯ ಮೇಲೆ ತಾರೀಖು, ಉಳಿದವು ಖಾಲಿ. ಮೂಲ ಕಾರ್ಡು ಕೇಳಬೇಡ, ಅದು ಅವರಿಗೇ ಬೇಕು. ಜೆರಾಕ್ಸ್ ಸಾಕು, ನಂಬರು ಮರೆಮಾಡು. ಸಾಲಿಗೆ 10ರಂತೆ 10 ಸಾಲು, ನಡುವೆ ಎರಡೆರಡು ಅಡಿ ಬಿಟ್ಟರೆ 18 ಅಡಿ ಚೌಕ ಬೇಕು. ಒಂದೂವರೆ ಅಡಿಗೆ ಇಳಿಸಿದೆಯೋ, ಮಂದಿಯ ಹೆಗಲು ತಾಗಿ ಹಾಳೆ ಹರಿಯುತ್ತವೆ. ಪಿಓಪಿ ಚಾವಣಿಗೆ ಕಟ್ಟದೆ ಗೋಡೆಯಿಂದ ಗೋಡೆಗೆ ತಂತಿ ಎಳೆ. ಫ್ಯಾನಿಗೆ ಹಾಳೆ ತಿರುಗದಂತೆ ಕೆಳಗೆ ಒಂದೊಂದು ಸಣ್ಣ ನಟ್ಟು ಕಟ್ಟು.

ನೆಲದ ಮೇಲೆ ಶಹಾಬಾದ್ ಫರ್ಸಿ ಕಲ್ಲು ಇಡುತ್ತೇನೆ ಅಂದೆ ನೀನು. ಎರಡಡಿ ಚೌಕ, ಒಂದಿಂಚು ದಪ್ಪದ್ದು ಸುಮಾರು 25 ಕಿಲೊ. 20 ಕಲ್ಲೆಂದರೆ ಅರ್ಧ ಟನ್. ಮಹಡಿ ಬೇಡ. ಗೋಡೆಗೆ ಒರಗಿಸಿದರೆ ಬುಡ ಜಾರುತ್ತದೆ, ಕೆಳಗೆ ರಬ್ಬರ್ ಹಾಳೆ, ಮುಂದೆ ಕಟ್ಟಿಗೆಯ ಪಟ್ಟಿ. ಕಲ್ಲಿನ ಮೇಲೆ ಚಿತ್ರ ಹಚ್ಚುವುದಾದರೆ ಮೊದಲು ತೊಳೆದು ಎರಡು ದಿನ ಒಣಗಿಸು, ಕಲ್ಲುಪುಡಿ ಉಳಿದರೆ ಅಂಟು ಕಲ್ಲನ್ನಲ್ಲ, ಪುಡಿಯನ್ನು ಹಿಡಿಯುತ್ತದೆ. ಅಂಟಿಗೆ ಒಂದು ಪಾಲು ಮೈದಾ, ಐದು ಪಾಲು ನೀರು, ಕುದಿಸಿ. ಹುಳ ಹಿಡಿಯದಿರಲು ಚಿಟಿಕೆ ಮೈಲುತುತ್ತ, ಕೈಗವಸು ಹಾಕಿಕೊಂಡೇ. ಪ್ರಿಂಟು ಪಿಗ್ಮೆಂಟ್ ಶಾಯಿಯದ್ದಿರಲಿ, ಡೈ ಶಾಯಿ ಒದ್ದೆ ಅಂಟಿಗೆ ಹರಡಿ ಮುಖವೆಲ್ಲ ನೀಲಿಯಾಗುತ್ತದೆ.

ಚಿತ್ರದ ಪಕ್ಕ ಹಚ್ಚುವ ಚೀಟಿಯಲ್ಲಿ 'ಬಡತನದ ಬೇಗೆ' ಅಂತೆಲ್ಲ ಬರೆದಿದ್ದೀ, ಹೊಡೆದುಹಾಕು. ಊರು, ತಾರೀಖು, ಎಲ್ಲಿಗೆ ಹೋದರು, ದಿನಗೂಲಿ ಎಷ್ಟು, ಇಷ್ಟೇ ಇರಲಿ. ಹಾನ್ಸ್ ಹಾಕೆ ಅನ್ನುವ ಕಲಾವಿದ ನ್ಯೂಯಾರ್ಕಿನ ಕಟ್ಟಡಗಳ ಸಪ್ಪೆ ಫೋಟೊಗಳ ಜೊತೆ ಮಾಲೀಕರ ವಿವರವನ್ನು ಸಾರ್ವಜನಿಕ ದಾಖಲೆಯಿಂದ ತೆಗೆದು ಟೈಪ್ ಮಾಡಿ ಇಟ್ಟಿದ್ದ, ಒಂದು ಬೈಗುಳವೂ ಇರಲಿಲ್ಲ. 1971ರಲ್ಲಿ ಗುಗನ್‌ಹೈಮ್ ಮ್ಯೂಸಿಯಂ ಅವನ ಪ್ರದರ್ಶನವನ್ನೇ ರದ್ದು ಮಾಡಿತು. ನಿನ್ನ ಚೀಟಿಯಲ್ಲೂ ಒಂದು ತಾರೀಖು ತಪ್ಪಿದರೆ ಉಳಿದ ಚಿತ್ರಗಳನ್ನೂ ಸುಳ್ಳೆನ್ನಲು ಮಂದಿ ಕಾದಿರುತ್ತಾರೆ.

ಅಕ್ಷರ 24 ಪಾಯಿಂಟು, ಕನ್ನಡ ಮತ್ತು ಉರ್ದು. ಲಂಬಾಣಿಗೆ ಸ್ವಂತ ಲಿಪಿಯಿಲ್ಲ, ಅವರ ದನಿಯನ್ನೇ ರೆಕಾರ್ಡ್ ಮಾಡಿ ಸಣ್ಣ ಸ್ಪೀಕರಿನಲ್ಲಿ ಹಾಕು, ಕರೆಂಟು ಹೋದರೂ ನಡೆಯುವಂಥದ್ದು. ಹಚ್ಚುವ ಮುಂಚೆ ಚಿತ್ರದಲ್ಲಿರುವವರಿಗೆ ಓದಿ ಹೇಳು. ಹೆಸರು ಬೇಡವೆಂದರೆ ಹೆಸರು ತೆಗೆ. ಮುಖ ಬೇಡವೆಂದರೆ ಚಿತ್ರವನ್ನೇ ಇಳಿಸು, ಕೂಲಿಗೆ ಕರೆದೊಯ್ಯುವ ಮುಕಾದಮನ ಮುಂದೆ ನಾಳೆ ನಿಲ್ಲಬೇಕಾದವರು ಅವರು.

ಫರ್ಸಿ ಇಳಿಸುವಾಗ ಚಪ್ಪಲಿ ಬೇಡ, ಬೂಟು ಹಾಕಿಕೋ.

ನಿನ್ನ ಅಪ್ಪ