ಶಿವಪುರದಲ್ಲಿ ಸಿಕ್ಕ ಮೇಷ್ಟ್ರಿಗೆ

ಮದ್ದೂರಿನ ಶಿವಪುರ ಸತ್ಯಾಗ್ರಹ ಸೌಧದ ಹತ್ತಿರ ನನ್ನ ಮಗಳಿಗೆ ಸಮಾಜ ವಿಜ್ಞಾನ ಹೇಳಿಕೊಟ್ಟ ಹಿರಿಯರೇ, ಹೆಸರು ಕೇಳಿದರೆ ನಕ್ಕು ಬಸ್ಸು ಹತ್ತಿಬಿಟ್ಟಿರಿ. ಇಸವಿ ಅಂದರೇನೇ ಅವಳಿಗೆ ತಲೆನೋವು. ನೀವು ಇಸವಿ ಕೇಳಲೇ ಇಲ್ಲ. "ಬಾವುಟ ಹಾರಿಸ್ಬೇಡಿ ಅಂತ ಯಾಕವ್ವ ಅಂದ್ರು?" ಎಂದು ಶುರುಮಾಡಿ, ಶಿವಪುರದಲ್ಲಿ ನಿಷೇಧ ಮೀರಿ ಬಾವುಟ ಹಾರಿಸಿದ 1938ರ ಧ್ವಜ ಸತ್ಯಾಗ್ರಹದಿಂದ ಹಿಂದಕ್ಕೆ, 1881ರಲ್ಲಿ ಮೈಸೂರು ಸಂಸ್ಥಾನದ ದಿವಾನ್ ರಂಗಾಚಾರ್ಲು ಕಾಲದಲ್ಲಿ ಶುರುವಾದ ಪ್ರಜಾಪ್ರತಿನಿಧಿ ಸಭೆಗೆ ಕರೆದೊಯ್ದಿರಿ. ಆ ಸಭೆ ಅಹವಾಲು ಹೇಳಬಹುದಿತ್ತು, ದಿವಾನರನ್ನು ಇಳಿಸುವಂತಿರಲಿಲ್ಲ. ಈಗಿನ ಮಂತ್ರಿಮಂಡಲಕ್ಕೆ ವಿಧಾನಸಭೆಯ ಬೆಂಬಲ ಬೇಕೇಬೇಕು. 1947ರ ಮೈಸೂರು ಚಲೋ ಚಳವಳಿಯಲ್ಲಿ ಜನ ಕೇಳಿದ್ದು ಇದನ್ನೇ ಎಂದು ಕಡ್ಲೆಕಾಯಿ ಪೊಟ್ಟಣದ ಹಾಳೆ ಮೇಲೆ ಬಾಣ ಎಳೆದು ತೋರಿಸಿದಿರಿ. (ಟ್ಯೂಷನ್ನಿಗೆ ಸುರಿದ ದುಡ್ಡಿನ ಮಾತು ಬೇಡ ಬಿಡಿ.) ದೊಡ್ಡ ಉಪಕಾರವಾಯ್ತು ಸಾರ್. ಇನ್ನೊಮ್ಮೆ ಸಿಕ್ಕರೆ ಮದ್ದೂರು ವಡೆ, ಕಾಫಿ ನಮ್ಮದು.