ಮಾರಿಕಾಂಬೆ ಪ್ರಸಾದದ ಅರ್ಧ ಕಾಯಿ

ತಲೆಯಲ್ಲಿದ್ದ ಗಡ್ಡೆ ತೆಗೆಸಿ ಒಂದು ವರ್ಷವಾಯಿತು, ಮೊನ್ನೆ ಎಂಆರ್‌ಐ ಸ್ಕ್ಯಾನ್ ಆಯಿತು. ಗಡ್ಡೆ ಮತ್ತೆ ಬಂದಿಲ್ಲ. ಹೊಲಿಗೆ ಹಾಕಿದ ಕಡೆ ಕೂದಲು ಬಂದಿದೆ, ಅದೂ ಗುಂಗುರಾಗಿ. ಆಪರೇಷನ್ ಕಥೆ ನಿಮಗೆಲ್ಲ ಗೊತ್ತೇ ಇದೆ, ಮತ್ತೆ ಹೇಳುವುದಿಲ್ಲ. ಥ್ಯಾಂಕ್ಸ್ ಹೇಳುವುದೊಂದು ಬಾಕಿ ಇತ್ತು.

ರಕ್ತ ಕೊಟ್ಟವರಿಗೆ, ನನ್ನ ಕೌಂಟರ್ ನೋಡಿಕೊಂಡ ಸೊಸೈಟಿಯವರಿಗೆ, ಅಡಿಕೆ ಕೊನೆ ಕೊಯ್ಲು ಮುಗಿಸಿಕೊಟ್ಟ ಪಕ್ಕದ ಮನೆಯವರಿಗೆ, ದಿನಾ ಒಂದೆಲಗದ ತಂಬುಳಿ ಮಾಡಿದ ಚಿಕ್ಕಿಗೆ. (ಚಿಕ್ಕಿ, ತಂಬುಳಿಗೆ ಗಡ್ಡೆ ಕರಗಲಿಲ್ಲ. ಅನ್ನ ಮಾತ್ರ ಎರಡು ತುತ್ತು ಜಾಸ್ತಿ ಹೋಯಿತು.)

ಇನ್ನು ಅತ್ತಿಗೆ.

ಶಿರಸಿಯಿಂದ ಘಟ್ಟ ಇಳಿದು ಮಣಿಪಾಲದಲ್ಲಿ ಅಡ್ಮಿಟ್ ಆದ ಮೊದಲ ರಾತ್ರಿ. ಸ್ಕ್ಯಾನ್ ರಿಪೋರ್ಟಿನಲ್ಲಿ ನನಗೆ ಕಂಡದ್ದು 'ಟ್ಯೂಮರ್' ಅನ್ನುವುದೊಂದೇ. ನಮ್ಮ ಕಡೆ ತಲೆಯಲ್ಲಿ ಗಡ್ಡೆ ಅಂದರೆ ಕ್ಯಾನ್ಸರ್, ಕ್ಯಾನ್ಸರ್ ಅಂದರೆ ಮುಗೀತು, ಅಲ್ವಾ? ನೋಡಲು ಬಂದವರೆಲ್ಲ 'ಏನಾಗಲ್ಲ ಬಿಡು' ಅಂದು ಹೋಗಿದ್ದರು. ಅತ್ತಿಗೆ ಹಾಗೆ ಅನ್ನಲಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಬ್ಯಾಗಿನಿಂದ ಮಾರಿಕಾಂಬೆ ಪ್ರಸಾದದ ಅರ್ಧ ಕಾಯಿ ತೆಗೆದಳು. ಕುಂಕುಮ ಇನ್ನೂ ಅಂಟಿತ್ತು.

"ನೋಡು ಕೂಸೆ, ಕರಟ ನಿನ್ನ ತಲೆಬುರುಡೆ. ಬಿಳಿಯದು ಮಿದುಳು. ನಡುವೆ ಈ ಕಂದು ಸಿಪ್ಪೆ ಇದೆಯಲ್ಲ, ಅಂಥ ಪೊರೆ ಮಿದುಳಿಗೂ ಇದೆ. ಇವರು 'ಮೆನಿಂಜಿಯೋಮಾ ಇರಬಹುದು' ಅಂತ ಬರೆದದ್ದು ಆ ಪೊರೆಯಿಂದ ಬೆಳೆಯುವ ಗಡ್ಡೆಗೆ."

ಅಂಥವು ಹೆಚ್ಚಿನವು ಕ್ಯಾನ್ಸರ್ ಅಲ್ಲವಂತೆ. ಆದರೆ ಕರಟ ಹಿಗ್ಗುವುದಿಲ್ಲ, ಅದಕ್ಕೇ ಗಡ್ಡೆ ಮಿದುಳನ್ನು ಒತ್ತುತ್ತದೆ, ಅದಕ್ಕೇ ನನಗೆ ಫಿಟ್ಸ್ ಬಂದದ್ದು. ಮಿದುಳಿನೊಳಗೇ ಹುಟ್ಟುವ ಗ್ಲಿಯೋಮಾ ಬೇರೆ, ಶ್ವಾಸಕೋಶದಿಂದಲೋ ಸ್ತನದಿಂದಲೋ ಹಬ್ಬಿ ಬರುವುದು ಬೇರೆ. "ಸ್ಕ್ಯಾನ್ ಅಂದಾಜು ಹೇಳುತ್ತದೆ ಅಷ್ಟೆ. ಬಯಾಪ್ಸಿ ಬಂದ ಮೇಲೇ ಖಾತ್ರಿ. ಅಲ್ಲಿವರೆಗೆ ನಾನೂ ಹೇಳುವುದಿಲ್ಲ, ನೀನೂ ತೀರ್ಮಾನ ಮಾಡಬೇಡ."

ನಾನು ರೇಗಿದೆ. "ಪಾಠ ಸಾಕು. ಎದ್ದಾಗ ಮಗಳ ಹೆಸರೇ ಮರೆತುಹೋಗಿದ್ದರೆ?" ಅಂತ ಕಿರುಚಿದೆ. ವಾರ್ಡಿನವರೆಲ್ಲ ತಿರುಗಿ ನೋಡಿದರು. ಅತ್ತಿಗೆ ಸ್ವಲ್ಪ ಹೊತ್ತು ಸುಮ್ಮನೆ ಕೂತಳು. ಆಮೇಲೆ ಔಷಧಿ ಬಿಲ್ಲಿನ ಹಿಂದೆ ಬರೆಯತೊಡಗಿದಳು. ಎಲ್ಲಿದೆ? ಎಷ್ಟು ದೊಡ್ಡದು? ಪೂರ್ತಿ ತೆಗೆಯಬಹುದಾ? ಮಾತಿನ ಜಾಗಕ್ಕೆ ಎಷ್ಟು ಹತ್ತಿರ? ಕೊನೆಗೆ, ಮಗಳ ಹೆಸರು ಮರೆಯುತ್ತದಾ?

ರಾತ್ರಿಯಿಡೀ ಪ್ಲಾಸ್ಟಿಕ್ ಸ್ಟೂಲಿನ ಮೇಲೇ ಇದ್ದಳು. ನನಗೆ ಎಚ್ಚರಾದಾಗಲೆಲ್ಲ ಒಂದು ಚೂರು ಕಾಯಿ ಕೈಗಿಡುತ್ತಿದ್ದಳು. ಬೆಳಗಾಗುವಾಗ ಬರೀ ಕರಟ ಉಳಿದಿತ್ತು. ಡಾಕ್ಟರು ಬಂದು ಬಿಲ್ಲು ಓದಿದರು. ಕೊನೆಯ ಪ್ರಶ್ನೆಗೆ ನಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತು ಮೊದಲು ಅದಕ್ಕೇ ಉತ್ತರ ಹೇಳಿದರು.

ಬಯಾಪ್ಸಿಯಲ್ಲಿ ನನ್ನದು ಮೆನಿಂಜಿಯೋಮಾ, ಗ್ರೇಡ್ 1 ಅಂತ ಬಂತು, ಅಂದರೆ ಕ್ಯಾನ್ಸರ್ ಅಲ್ಲ. ಪಕ್ಕದ ಬೆಡ್ಡಿನ ಕುಮಟಾದ ಅಕ್ಕನದು ಗ್ಲಿಯೋಬ್ಲಾಸ್ಟೋಮಾ, ಗ್ಲಿಯೋಮಾಗಳಲ್ಲೇ ಉಗ್ರವಾದ ಕ್ಯಾನ್ಸರ್, ಗ್ರೇಡ್ 4. ಒಂದೇ ವಾರ್ಡು, ಇಬ್ಬರಿಗೂ ತಲೆನೋವೇ ಶುರು. ಆ ದಿನ ಅವರ ಎದುರು ನನಗೆ ನಗಲಿಕ್ಕಾಗಲಿಲ್ಲ, ಅಳಲಿಕ್ಕೂ ಆಗಲಿಲ್ಲ. ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತಿದ್ದೆ.

ಈ ಸಲ ಸ್ಕ್ಯಾನಿಗೆ ಹೋಗುವಾಗ ಚೀಟಿ ನಾನೇ ಬರೆದೆ. ಮೂರೇ ಪ್ರಶ್ನೆ. ಅತ್ತಿಗೆಗೆ ಫೋನಿನಲ್ಲಿ ಓದಿ ಹೇಳಿದರೆ, "ಮುಂದಿನ ಸ್ಕ್ಯಾನ್ ಯಾವಾಗ ಅಂತ ಕೇಳುವುದೇ ಬಿಟ್ಟೆಯಲ್ಲ" ಅಂದಳು.

ಮುಂದಿನ ವರ್ಷವಂತೆ, ಅತ್ತಿಗೆ. ಕಾಯಿ ನಾನು ತರುತ್ತೇನೆ.